ಇನ್ನೂರ ಹದಿನಾಲ್ಕು ಹಸಿರು ಗೆರೆ

ಗುಬ್ಬೀ,

ಈ ಕಾಗದವನ್ನು ನರ್ಸ್ ನಿನ್ನ ಕೈಗೇ ಕೊಟ್ಟಿದ್ದಾರೆ, ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಒರಗಿಕೊಂಡು ನೀನೇ ಓದುತ್ತಿದ್ದೀಯ ಎಂದು ನಂಬಿ ಬರೆಯುತ್ತಿದ್ದೇನೆ. ನಂಬುವುದು ನನ್ನ ಜಾಯಮಾನವಲ್ಲ, ನಿನಗೆ ಗೊತ್ತು. ಹಲ್ಲಿನ ಕ್ಲಿಪ್ ಬಿಗಿ ಮಾಡಲು ಇಪ್ಪತ್ತು ನಿಮಿಷ. ಅಷ್ಟು ಹೊತ್ತು ನಿನ್ನ ಗಂಡ ಹೊರಗಿನ ಬೆಂಚಿನ ಮೇಲಿರುತ್ತಾನೆ, ಒಳಗೆ ಬಿಡುವುದಿಲ್ಲ ಎಂದು ಡಾಕ್ಟರು ಮಾತು ಕೊಟ್ಟಿದ್ದಾರೆ. ಬಾಯಿ ತೆರೆದುಕೊಂಡು ಕೂತವಳು 'ಚೆನ್ನಾಗಿದ್ದೀನಿ ಅಕ್ಕ' ಎನ್ನಲು ಆಗುವುದಿಲ್ಲವಲ್ಲ, ಅದಕ್ಕೇ ಈ ಜಾಗ ಆರಿಸಿದೆ.

ಮೊದಲು ನನ್ನ ಆಫೀಸಿನ ಮಾತು. ಮೂಗು ಮುರಿಯಬೇಡ. ಅದನ್ನು ಬಿಟ್ಟರೆ ಇದನ್ನು ಹೇಳಲು ನನಗೆ ಬೇರೆ ದಾರಿ ಗೊತ್ತಿಲ್ಲ.

ನಾನು ಪರೀಕ್ಷಿಸುವ ತಂತ್ರಾಂಶ ಬಾಗಿಲು ಕಾಯುವವನಿದ್ದಂತೆ. ಆಸ್ಪತ್ರೆಗಳ ಕಂಪ್ಯೂಟರುಗಳಿಗೆ ಬರುವ ಪ್ಯಾಕೆಟ್ಟುಗಳನ್ನು, ಅಂದರೆ ಮಾಹಿತಿಯ ಸಣ್ಣ ಸಣ್ಣ ಕಟ್ಟುಗಳನ್ನು, ಒಂದೊಂದಾಗಿ ನೋಡಿ ಒಳ್ಳೆಯದನ್ನು ಬಿಟ್ಟು ಕೆಟ್ಟದ್ದನ್ನು ತಡೆಯುತ್ತದೆ. ಪರೀಕ್ಷೆಗೆ ನಿಜವಾದ ಯಂತ್ರಗಳಿಲ್ಲ. ಒಂದೇ ದೊಡ್ಡ ಸರ್ವರಿನೊಳಗೆ ಮೂರು ವರ್ಚುವಲ್ ಯಂತ್ರಗಳು, ಅಂದರೆ ತಂತ್ರಾಂಶದಲ್ಲೇ ಹುಟ್ಟಿಸಿದ ಸುಳ್ಳು ಯಂತ್ರಗಳು: ಕಳಿಸುವುದೊಂದು, ಕಾಯುವುದೊಂದು, ಪಡೆಯುವುದೊಂದು. ಅವುಗಳ ನಡುವಿನ ತಂತಿಯೂ ಫೈಲಿನಲ್ಲಿ ಬರೆದ ಒಂದು ಸಾಲು ಅಷ್ಟೇ. ಕೆಟ್ಟ ಪ್ಯಾಕೆಟ್ಟು ಕಳಿಸು, ಮೂರು ಸೆಕೆಂಡು ಕಾಯಿ, ಆ ಕಡೆ ಏನೂ ಬರಲಿಲ್ಲವೋ, ಪಾಸು. ಇಂಥ ಪರೀಕ್ಷೆಗಳು ಇನ್ನೂರ ಹದಿನಾಲ್ಕು, ಪಾಸಾದ ಒಂದೊಂದಕ್ಕೂ ಪರದೆಯ ಮೇಲೆ ಒಂದು ಹಸಿರು ಗೆರೆ. ಎಂಟು ತಿಂಗಳು ದಿನಾ ಬೆಳಗ್ಗೆ ಇನ್ನೂರ ಹದಿನಾಲ್ಕು ಹಸಿರು ಗೆರೆ ನೋಡಿ ನಾನು ಕಾಫಿಗೆ ಏಳುತ್ತಿದ್ದೆ.

ಹೋದ ತಿಂಗಳು ಒಂದು ದಿನ ನಡುವಿನ ಯಂತ್ರವನ್ನು ಆನ್ ಮಾಡುವುದನ್ನೇ ಮರೆತೆ. ಕಾಯುವವನೇ ಇಲ್ಲ. ಆದರೂ ಇನ್ನೂರ ಹದಿನಾಲ್ಕೂ ಹಸಿರು. ಮ್ಯಾನೇಜರಿಗೆ ತೋರಿಸಿದರೆ, "ಹಸಿರಿದೆ ಅಂದ್ಮೇಲೆ ಯಾಕಮ್ಮ ಕೆದಕ್ತೀಯ? ಸುಮ್ನಿರೋಕೆ ಬರಲ್ವಾ ನಿಂಗೆ?" ಅಂದರು. ಸುಮ್ಮನಿರಲು ಬರುವುದಿಲ್ಲ. ಪ್ರತ್ಯಕ್ಷವಾಗಿ ಕಂಡರೂ ಪರಾಂಬರಿಸಿ ನೋಡು ಎಂದು ಅಪ್ಪ ಹೇಳುತ್ತಿದ್ದದ್ದನ್ನು ನಾನೊಬ್ಬಳೇ ಕಿವಿಗೆ ಹಾಕಿಕೊಂಡದ್ದು.

ಕೆದಕಿದರೆ ಕಳ್ಳಿ ನಾನೇ. ಮಾರ್ಚಿನಲ್ಲಿ ಆ ಫೈಲನ್ನು ಚೊಕ್ಕಟ ಮಾಡಲು ಹೋಗಿ ತಂತಿಯ ಹೆಸರನ್ನು ಒಂದು ಕಡೆ ಬದಲಿಸಿ ಇನ್ನೊಂದು ಕಡೆ ಮರೆತಿದ್ದೆ. ಅಂದಿನಿಂದ ಕಳಿಸುವ ಯಂತ್ರದಿಂದ ಒಂದು ಪ್ಯಾಕೆಟ್ಟೂ ಹೊರಗೆ ಬಿದ್ದಿರಲಿಲ್ಲ. ಏನೂ ಬಾರದಿರುವುದನ್ನೇ ಪಾಸು ಎಂದು ಬರೆದುಕೊಳ್ಳುತ್ತಿದ್ದೆ. ತಂತಿ ಸರಿಪಡಿಸಿದ ಮೇಲೆ ಹತ್ತೊಂಬತ್ತು ಕೆಂಪಾದವು, ಅಷ್ಟು ಕೆಟ್ಟ ಪ್ಯಾಕೆಟ್ಟುಗಳು ಕಾಯುವವನನ್ನು ದಾಟಿ ಹೋಗಿದ್ದವು. ಈಗ ಪ್ರತಿ ಪರೀಕ್ಷೆಗೂ ಮುಂಚೆ ನನಗೆ ಚೆನ್ನಾಗಿ ಗೊತ್ತಿರುವ ಒಂದು ಒಳ್ಳೆಯ ಪ್ಯಾಕೆಟ್ಟು ಕಳಿಸುತ್ತೇನೆ. ಅದು ಆ ಕಡೆ ತಲುಪಿದರೆ ಮಾತ್ರ ಮುಂದಿನ ಮೌನವನ್ನು ನಂಬುತ್ತೇನೆ.

ಅವತ್ತು ಬಸ್ಸಿನಲ್ಲಿ ಮನೆಗೆ ಬರುವಾಗ ನೀನು ನೆನಪಾದೆ. ನೀನೂ ಮಾರ್ಚಿನಲ್ಲೇ, "ಫೋನ್ ಸರಿಯಿಲ್ಲ ಅಕ್ಕ, ಇನ್ಮೇಲೆ ಮೆಸೇಜೇ ಮಾಡು" ಅಂದವಳು. ಆಮೇಲೆ ಪ್ರತಿ ಭಾನುವಾರ ಒಂದೇ ಸಾಲು: 'ಚೆನ್ನಾಗಿದ್ದೀನಿ ಅಕ್ಕ, ಚಿಂತೆ ಮಾಡಬೇಡ.' ಒಂದು ಅಕ್ಷರ ತಪ್ಪಿಲ್ಲ. ಚಿಕ್ಕಂದಿನಿಂದ ಅಲ್ಪಪ್ರಾಣ ಮಹಾಪ್ರಾಣ ಒಂದೇ ಎಂದು ತಿಳಿದು ಚಿಂತೆಯನ್ನೂ 'ಛಿಂತೆ' ಎಂದೇ ಬರೆಯುತ್ತಿದ್ದವಳು ನೀನು. ದೂರು ಬರಲಿಲ್ಲ, ಅಳು ಬರಲಿಲ್ಲ, ಪಾಸು ಎಂದು ಫೋನ್ ಕೆಳಗಿಟ್ಟು ನಾನು ಬಟ್ಟೆ ಒಗೆಯಲು ಹೋಗುತ್ತಿದ್ದೆ. ನನಗೆ ನಾಚಿಕೆಯಾಗುತ್ತಿದೆ ಗುಬ್ಬಿ. ಊರವರನ್ನೆಲ್ಲ ಅನುಮಾನಿಸಿದವಳು ಅನುಮಾನಿಸಲೇಬೇಕಾದ ಕಡೆ ನಂಬಿಕೊಂಡು ಕೂತೆ.

ಅದಕ್ಕೇ ನಿನಗೂ ಒಂದು ಗೊತ್ತಿರುವ ಪ್ಯಾಕೆಟ್ಟು ಕಳಿಸಿದೆ. 'ಅಪ್ಪ ಗಡ್ಡ ಮಾಡಿಕೊಳ್ಳುತ್ತಿದ್ದ ಕನ್ನಡಿ ಒಡೆದವಳು ನೀನೇ ಅಲ್ಲವಾ?' ಇಪ್ಪತ್ತೆರಡು ವರ್ಷದಿಂದ ಆ ಮಾತೆತ್ತಿದರೆ ಸಾಕು, ನೀನು ಮೈಮೇಲೆ ಬೀಳುತ್ತಿದ್ದೆ. ನಿನ್ನ ಮದುವೆಯ ದಿನ ಕೂಡ, ಸೀರೆ ಉಡಿಸುತ್ತಿದ್ದವರ ಮುಂದೆ, "ಒಡೆದೋಳು ನೀನು, ಸಂಶಯ ಪಿಶಾಚಿ, ಏಟು ತಿಂದೋಳು ನಾನು" ಅಂದಿದ್ದೆ. ಈ ಸಲ ಹತ್ತು ನಿಮಿಷಕ್ಕೆ ಉತ್ತರ ಬಂತು: 'ಹೌದು ಅಕ್ಕ, ನಾನೇ ಒಡೆದದ್ದು. ಕ್ಷಮಿಸು.'

ಅದನ್ನು ಬರೆದದ್ದು ನೀನಲ್ಲ. ಅಥವಾ ನೀನೇ ಬರೆದಿದ್ದರೆ, ಅದು ಇನ್ನೂ ಕೆಟ್ಟದ್ದು.

ಮದುವೆಯಲ್ಲಿ ನೀನು ಹಲ್ಲಿನ ಡಾಕ್ಟರ ಹೆಸರು ಹೇಳಿದ್ದು ನೆನಪಿತ್ತು, ಹುಡುಕಿ ಫೋನ್ ಮಾಡಿದೆ. ನರ್ಸ್ ಮೊದಲು, "ಪೇಶೆಂಟ್ ವಿಷಯ ಹೊರಗೆ ಹೇಳೋ ಹಾಗಿಲ್ಲ" ಎಂದು ಇಟ್ಟುಬಿಟ್ಟರು. ಮಾರನೆಯ ದಿನ ಅವರೇ ಮಾಡಿದರು. ನಾನು ಅವರನ್ನೂ ಬಿಡಲಿಲ್ಲ. ಇದು ನಿಜವಾಗಿ ಅವರೇನಾ ಎಂದು ಬೇರೆ ನಂಬರಿನಿಂದ ಕ್ಲಿನಿಕ್ಕಿಗೆ ಮಾಡಿ ದನಿ ಹೋಲಿಸಿ ನೋಡಿದೆ. ಅವರು ಹೇಳಿದ್ದಿಷ್ಟೇ: "ಕ್ಲಿಪ್ ಬಿಗಿ ಮಾಡುವಾಗ ಕೆಲವರು ಅಳ್ತಾರೆ. ಇವರು ಮುಗಿದ್ಮೇಲೆ ಅಳ್ತಾರೆ, ಎದ್ದು ಹೋಗೋ ಹೊತ್ತಿಗೆ." ಇವತ್ತಿನ ಏರ್ಪಾಡಿಗೆ ಡಾಕ್ಟರನ್ನು ಒಪ್ಪಿಸಿದ್ದೂ ಅವರೇ.

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂಬುದೂ ನನಗೆ ಗೊತ್ತು. ನನ್ನ ಅನುಮಾನವೇ ಸುಳ್ಳಿರಬಹುದು. ಸುಳ್ಳಾಗಲಿ ಎಂದೇ ಬೇಡಿಕೊಳ್ಳುತ್ತಿದ್ದೇನೆ. ಹಾಗಿದ್ದರೆ ಈ ಕಾಗದವನ್ನು ನರ್ಸ್ ಕೈಗೆ ವಾಪಸು ಕೊಟ್ಟು, ಬಂದ ಬಾಗಿಲಿನಿಂದಲೇ ಹೋಗು. ನಾನು ಹಿಂದೆ ಬರುವುದಿಲ್ಲ, ಸಾಯುವವರೆಗೂ ನನ್ನನ್ನು ಪಿಶಾಚಿ ಎಂದು ಕರೆ. ಹಾಗಲ್ಲದಿದ್ದರೆ ನಿನ್ನ ಎಡಕ್ಕೆ ಎಕ್ಸ್‌ರೇ ಕೋಣೆಯಿದೆ. ಅದರಾಚೆಯ ಬಾಗಿಲು ಹಿಂದಿನ ಬೀದಿಗೆ ತೆರೆಯುತ್ತದೆ. ಬೆಳಗ್ಗೆಯಿಂದ ಮೂರು ಸಲ ಚಿಲಕ ತೆಗೆದು ಹಾಕಿ ನೋಡಿದ್ದೇನೆ. ಕಾರು ಅಲ್ಲೇ ನಿಂತಿದೆ. ಬಟ್ಟೆಬರೆ, ಸರ್ಟಿಫಿಕೇಟು ಯಾವುದರ ಯೋಚನೆಯೂ ಬೇಡ.

ಇನ್ನೊಂದು ಮಾತು, ಇದು ನನ್ನದೇ ಕಾಗದ ಎಂದು ನಿನಗೆ ಖಾತ್ರಿಯಾಗಲಿ. ಕನ್ನಡಿ ಒಡೆದವಳು ನಾನು. ಏಟು ತಿಂದವಳು ನೀನು. ಇಪ್ಪತ್ತೆರಡು ವರ್ಷ ಒಪ್ಪಿಕೊಳ್ಳಲಿಲ್ಲ, ಈಗ ಒಪ್ಪಿಕೊಂಡಿದ್ದೇನೆ.

ಯಾವ ಬಾಗಿಲಿನಿಂದ ಹೋದರೂ ನಿನಗೆ ಒಳ್ಳೆಯದಾಗಲಿ ನನ್ನ ಕಂದಾ. ನೀನು ಯಾವುದನ್ನು ಆರಿಸಿದೆ ಎಂದು ಇಣುಕದಂತೆ, ಎಕ್ಸ್‌ರೇ ಕೋಣೆಯೊಳಗೆ ನಿನ್ನ ಕಡೆಯ ಬಾಗಿಲಿಗೆ ಬೆನ್ನು ಮಾಡಿ ಕೂತಿದ್ದೇನೆ. ಬಂದು ಬೈ.

ನಿನ್ನ ಪಿಶಾಚಿ,
ಅಕ್ಕ