ಕಾಯುವ ಓಣಿಯ ಒಲೆ

ಬಾಡಿಗೆ ಕೋಣೆಯಿಂದ,
ಮಾರ್ಚ್ ೧೪, ಬೆಳಿಗ್ಗೆ

ಪ್ರೀತಿಯ ಅಪ್ಪಾ,

ಮೊಣಕಾಲು ಹೇಗಿದೆ? ರಿಪೇರಿ ಅಂಗಡಿಯ ಅಟ್ಟ ಹತ್ತಬೇಡಿ ಎಂದರೆ ಕಿವಿಗೇ ಹಾಕಿಕೊಳ್ಳುವುದಿಲ್ಲ ಎಂದು ಅಮ್ಮನ ದೂರು. ನಾನು ಚೆನ್ನಾಗಿದ್ದೇನೆ. ಫೋನಿನಲ್ಲಿ ನೀವು ಮೊದಲು ಕೇಳುವುದು ನೀವೇ ಬಿಚ್ಚಿ ಜೋಡಿಸಿ ನನಗೆ ಕಳಿಸಿದ ಕರೆಂಟ್ ಒಲೆಯ ಕ್ಷೇಮ, ಆಮೇಲೆ ಮಗಳದ್ದು. ಕಾಗದದಲ್ಲಾದರೂ ಮಗಳು ಮುಂದಿರಲಿ.

ನನ್ನ ಕೆಲಸವೇನೆಂದು ಪಕ್ಕದಂಗಡಿಯವರಿಗೆ ವಿವರಿಸಲು ಆಗಲಿಲ್ಲ ಎಂದಿರಲ್ಲ, ಹೀಗೆ ಹೇಳಿ. ಅಡುಗೆಯ ಹೊಗೆ ಹೋದರೆ ಬಡವರ ಮನೆಯಲ್ಲಿ ಕೆಮ್ಮು ಎಷ್ಟು ಕಡಿಮೆಯಾಗುತ್ತದೆ, ದುಡಿಮೆ ಎಷ್ಟು ಹೆಚ್ಚುತ್ತದೆ ಎಂದು ನೋಡುವುದು. ಚೀಟಿ ಎತ್ತಿ ಅರ್ಧ ಓಣಿಗಳಿಗೆ ಕರೆಂಟ್ ಒಲೆ ಕೊಟ್ಟಿದ್ದೇವೆ. ಉಳಿದವರಿಗೆ ಎರಡು ವರ್ಷದ ನಂತರ. ಅಲ್ಲಿಯವರೆಗೆ ಇವರನ್ನೂ ಅವರನ್ನೂ ಹೋಲಿಸಿ ನೋಡಬೇಕು. ಕಾಯುವ ಓಣಿಗೆ ನಾವು ಏನೂ ಕೊಡುವಂತಿಲ್ಲ, ಕೊಟ್ಟರೆ ಲೆಕ್ಕ ಕೆಟ್ಟಿತು. ಚೀಟಿ ಎತ್ತಿದವಳು ನಾನೇ.

ಆ ಕಾಯುವ ಓಣಿಯಲ್ಲಿ ಅಂಗಿಗಳಿಗೆ ಗುಂಡಿ ಹೊಲಿಯುವ ಅಜ್ಜಿಯೊಬ್ಬರಿದ್ದಾರೆ. ಒಂದೇ ಕೋಣೆ, ಸೌದೆ ಒಲೆ, ಹಾಸಿಗೆ, ಅಂಗಿಗಳ ರಾಶಿ ಎಲ್ಲ ಅಲ್ಲೇ. ಹೊಗೆ ತಾಗಬಾರದೆಂದು ಅಂಗಿಗಳನ್ನು ಕಿಟಕಿಯ ಹತ್ತಿರ ಇಟ್ಟು ತಾವು ಒಲೆಯ ಪಕ್ಕ ಕೂರುತ್ತಿದ್ದರು. ವಾರವಾರವೂ ಹೋಗಿ ಕೆಮ್ಮು ಹೇಗಿದೆ ಎಂದು ಕೇಳಿ ಬರೆದುಕೊಳ್ಳುವುದು ನನ್ನ ಕೆಲಸ. "ಹಾಗೇ ಇದೆ, ಬರ್ಕೊಳ್ಳಮ್ಮ. ನಿಂದು ಊಟ ಆಯ್ತಾ?" ಎನ್ನುತ್ತಿದ್ದರು. ಕೆಮ್ಮಿನ ಪ್ರಶ್ನೆ ಕೇಳಲು ನನಗೆ ನಾಚಿಕೆಯಾಗುತ್ತಿತ್ತು ಅಪ್ಪಾ.

ಈ ಅಧ್ಯಯನ ನಡೆಸುವ ನಮ್ಮ ಮೇಷ್ಟ್ರು ಗದರಿದರೂ ಒಳ್ಳೆಯವರು. ಇನ್ನೊಂದು ವರ್ಷ ನನ್ನನ್ನು ಇಟ್ಟುಕೊಳ್ಳುತ್ತಾರೋ ಇಲ್ಲವೋ ಸೋಮವಾರ ತೀರ್ಮಾನ. ಈ ಕೆಲಸ ನನಗೆ ಬೇಕು, ಬಹಳ ಬೇಕು.

ಅಮ್ಮನಿಗೆ ನನ್ನ ಮುದ್ದು, ನಿಮಗೂ ನಿಮ್ಮ ಹಟಮಾರಿ ಮೊಣಕಾಲಿಗೂ ನಮಸ್ಕಾರ.

ಎಲ್ಲದರಲ್ಲೂ ಮೂಗು ತೂರಿಸುತ್ತಾಳೆಂದು ನೀವೇ ಹೆಸರಿಟ್ಟ,
ನಿಮ್ಮ ಟೆಸ್ಟರ್

ತಾ.ಕ.: ಈಚೆಗೆ ಫೋನಿನಲ್ಲಿ "ಒಲೆ ಚೆನ್ನಾಗಿದೆ" ಎನ್ನುತ್ತಿದ್ದೆನಲ್ಲ, ಅದು ಸುಳ್ಳಲ್ಲ. ಅಜ್ಜಿಯ ಮನೆಯಲ್ಲಿ ಚೆನ್ನಾಗಿಯೇ ಇದೆ. ತಡೆಯಲಾರದೆ ನೀವು ಕಳಿಸಿದ್ದನ್ನು ನಾನೇ ಹೊತ್ತುಕೊಂಡು ಹೋಗಿ ಕೊಟ್ಟೆ. ನಿನ್ನೆ ಮೇಷ್ಟ್ರಿಗೂ ಹೇಳಿಬಿಟ್ಟೆ. ಅವರು ತಲೆಯ ಮೇಲೆ ಕೈಹೊತ್ತು ಕುಳಿತು, ಆಮೇಲೆ ಆ ಮನೆಯನ್ನು ಅಧ್ಯಯನದಿಂದಲೇ ಕೈಬಿಟ್ಟರು. ನನ್ನ ಗತಿ ಸೋಮವಾರ ಗೊತ್ತಾಗುತ್ತದೆ. ಅಪ್ಪಾ, ಅಜ್ಜಿಯ ಕೆಮ್ಮು ಕಡಿಮೆಯಾಗಿದೆ. ನಮ್ಮ ವರದಿಯಲ್ಲಿ ಅದನ್ನು ಎಲ್ಲೂ ಬರೆಯುವಂತಿಲ್ಲ. ಅದಕ್ಕೇ ನಿಮಗೆ ಬರೆದೆ.