ಹರಕೆ ತೀರಿಸಿದವಳಿಂದ ಪೇಟೆಂಟ್ ಪರೀಕ್ಷಕರಿಗೆ

ಮಾನ್ಯ ಪೇಟೆಂಟ್ ಪರೀಕ್ಷಕರೇ,

ಮೊದಲು ಕೈಯಲ್ಲಿರುವ ಚಹಾ ಕೆಳಗಿಡಿ. ಪತ್ರ ಬಿಡಿಸಿದವರು ಸಾಹೇಬರಲ್ಲ, ಗುಮಾಸ್ತರು ಎಂದಾದರೆ ನಿಮಗೂ ಹೇಳುತ್ತೇನೆ, ಮೊಹರು ಒತ್ತಿ ಬದಿಗೆ ಸರಿಸಬೇಡಿ. ಇದರ ಪ್ರತಿಯನ್ನು ಪೇಪರಿಗೂ ಕಳುಹಿಸಿದ್ದೇನೆ; ಅಲ್ಲಿ ಓದುತ್ತಿರುವವರೇ, ನೀವು ಕೂಡ ಮರಣದ ಪುಟಕ್ಕೆ ಹಾರಬೇಡಿ, ಸತ್ತವರು ಎಲ್ಲಿಗೂ ಓಡಿಹೋಗುವುದಿಲ್ಲ. ನಾನು ಐದನೇ ಕ್ಲಾಸಿನವರೆಗೆ ಮಾತ್ರ ಓದಿದವಳು. ಆದರೂ ನಿಮ್ಮ ಹನ್ನೊಂದು ಪುಟದ ಇಂಗ್ಲಿಷ್ ಆದೇಶವನ್ನು ಮಗಳಿಂದ ಓದಿಸಿ, ಸಾಲು ಸಾಲಿಗೆ ಅರ್ಥ ಕೇಳಿ ಮುಗಿಸಿದ್ದೇನೆ. ಅಷ್ಟು ಕಲಿತ ನಿಮಗೆ ನನ್ನ ನಾಲ್ಕು ಪುಟ ಭಾರವಾಗಬಾರದು.

ದೂರು ಇಷ್ಟೇ. ನನ್ನ ಮಗಳು ಗ್ಲ್ಯಾಡಿಸ್ ಮೆದುಳಿನೊಳಗೆ ಇಡುವ ನಳಿಗೆಗೆ ಹೊಸ ಬಗೆಯ ತುದಿಯೊಂದನ್ನು ಕಂಡುಹಿಡಿದಳು. ಅದು ಹೊಸದೇ ಅಲ್ಲ ಎಂದು ನೀವು ಅರ್ಜಿ ತಿರಸ್ಕರಿಸಿದ್ದೀರಿ. ಯಾಕೆ ಹೊಸದಲ್ಲ? ಅರ್ಜಿ ಹಾಕುವ ಎರಡು ತಿಂಗಳ ಮೊದಲೇ ಅದರ ವಿವರ ಅಚ್ಚಾಗಿತ್ತಂತೆ. ಎಲ್ಲಿ ಅಚ್ಚಾಗಿತ್ತು? ನಮ್ಮ ಇಗರ್ಜಿಯ ತಿಂಗಳ ಪತ್ರಿಕೆಯಲ್ಲಿ. ಅಚ್ಚು ಹಾಕಿಸಿದ್ದು ಯಾರು? ನಾನು.

ಗ್ಲ್ಯಾಡಿಸ್ ಫಳ್ನೀರಿನ ಒಂದು ಆಸ್ಪತ್ರೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಆಪರೇಷನ್ ಥಿಯೇಟರಿನ ನರ್ಸ್. ಅವಳ ಮಗಳು ಟಾನ್ಯಾಳಿಗೆ ಈಗ ಒಂಬತ್ತು. ಹುಟ್ಟಿನಿಂದಲೇ ಮಗುವಿನ ತಲೆಯಲ್ಲಿ ನೀರು ತುಂಬುತ್ತದೆ. ಕಿವಿಯ ಹಿಂದೆ, ಚರ್ಮದಡಿಯಲ್ಲಿ, ತಲೆಯಿಂದ ಹೊಟ್ಟೆಯವರೆಗೆ ಸಪೂರದ ನಳಿಗೆಯೊಂದನ್ನು ಹಾಯಿಸಿ ಆ ನೀರನ್ನು ಇಳಿಸುತ್ತಾರೆ. ಶಂಟ್ ಎಂದು ಅದರ ಹೆಸರು. ತಲೆಯೊಳಗಿನ ತುದಿಯಲ್ಲಿ ಸಣ್ಣ ಸಣ್ಣ ತೂತುಗಳಿರುತ್ತವೆ. ಅವು ಕಟ್ಟಿಕೊಂಡರೆ ಮಗು ಬೆಳಿಗ್ಗೆ ಎದ್ದ ಕೂಡಲೇ ವಾಂತಿ ಮಾಡುತ್ತದೆ, ಕಣ್ಣು ಮೇಲೆತ್ತಲು ಆಗುವುದಿಲ್ಲ. ಮತ್ತೆ ತಲೆ ಬೋಳಿಸಿ, ಕೊಯ್ದು, ಹೊಸ ನಳಿಗೆ. ಐದು ಸಲ ಆಯಿತು. ಊರವರ ಮಕ್ಕಳ ಆಪರೇಷನ್ನಿಗೆಲ್ಲ ಒಳಗೆ ನಿಂತು ಕತ್ತರಿ ಎತ್ತಿಕೊಡುವ ನನ್ನ ಮಗಳು, ತನ್ನ ಮಗುವಿನ ಸರದಿ ಬಂದಾಗ ಹೊರಗಿನ ಬೆಂಚಿನಲ್ಲಿ ಕೂರುತ್ತಾಳೆ.

ಐದನೆಯದು ಮುಗಿದ ಮೇಲೆ ಒಂದು ಆದಿತ್ಯವಾರ ನಾನು ಬೂತಾಯಿ ಮೀನು ಶುಚಿ ಮಾಡುತ್ತಿದ್ದೆ. ಗ್ಲ್ಯಾಡಿಸ್ ಎದುರು ಕೂತು ಬರೇ ನೋಡುತ್ತಿದ್ದಳು. ಸಿಟ್ಟು ಬಂತು.

“ಎಂತ ನೋಡ್ತೀ? ಈ ಮೀನು ಹುಟ್ಟಿದಂದಿನಿಂದ ಕಲಕು ನೀರನ್ನೇ ಬಾಯಿಗೆ ತೆಗೆದುಕೊಂಡದ್ದು. ಇದರ ಕಿವಿರು ಒಂದು ದಿನ ಕಟ್ಟಿದ್ದುಂಟಾ? ಬೂತಾಯಿಗೆ ಇರುವ ಬುದ್ಧಿ ನಿಮ್ಮ ನಳಿಗೆ ಕಂಪನಿಯವರಿಗೆ ಇಲ್ವಾ?”

ಅವಳು ನನ್ನ ಕೈಯಿಂದ ಮೀನಿನ ತಲೆಯನ್ನೇ ಕಸಿದುಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು. ಕಿವಿರಿನ ಒಳಗೆ ಬಾಚಣಿಗೆಯ ಹಲ್ಲಿನಂತೆ ಓರೆಯಾದ ಸಾಲು ಉಂಟು. ನೀರು ಬದಿಯಿಂದ ಹೊರಗೆ ಹೋಗುತ್ತದೆ. ಕಸ ಆ ಹಲ್ಲಿಗೆ ಅಂಟದೆ ಜಾರಿಕೊಂಡು ಮುಂದೆ ಹೋಗುತ್ತದೆ. ಆ ದಿನ ಸಾರು ಆಗಲಿಲ್ಲ. ಒಂದು ಕಿಲೋ ಬೂತಾಯಿಯ ತಲೆಗಳೆಲ್ಲ ಅವಳ ಕೈಯಲ್ಲಿ.

ಆರು ತಿಂಗಳು ಅವಳು ರಜೆಯ ದಿನವೆಲ್ಲ ಭೂತಗನ್ನಡಿ ಹಿಡಿದು ನಳಿಗೆ ಕೊರೆದಳು. ಪರೀಕ್ಷೆಗೆ ನಳಿಗೆಯಲ್ಲಿ ಹನಿ ಹನಿಯಾಗಿ ಹರಿಸಿದ್ದು ಗಂಜಿತಿಳಿ; ದಿನಾ ಬೆಳಿಗ್ಗೆ ಕುಚ್ಚಲಕ್ಕಿ ಬೇಯಿಸಿ ಬಸಿದು ಕೊಡುವ ಕೆಲಸ ನನ್ನದು. ಕಂಪನಿಯ ನಳಿಗೆ ಒಂಬತ್ತನೇ ದಿನಕ್ಕೆ ಕಟ್ಟಿತು. ಇವಳದ್ದು ನಲವತ್ತು ದಿನ ಹನಿ ತಪ್ಪಲಿಲ್ಲ. “ಅಜ್ಜೀ, ಇನ್ನು ನನ್ನ ತಲೆಯಲ್ಲಿ ಬೂತಾಯಿ ಇಡ್ತಾರಾ? ವಾಸನೆ ಬರಲಿಕ್ಕಿಲ್ವಾ?” ಎಂದಳು ಟಾನ್ಯಾ. ಆಸ್ಪತ್ರೆಯ ಸರ್ಜನ್ನರೂ ನೋಡಿ, ಇದನ್ನು ಕ್ರಮದ ಪ್ರಕಾರ ಮುಂದೆ ತೆಗೆದುಕೊಂಡು ಹೋಗಬೇಕು ಎಂದರು. ಅಲ್ಲಿಯವರೆಗೆ ಎಲ್ಲ ಸರಿ ಇತ್ತು.

ತಪ್ಪು ಇಲ್ಲಿ. ನಮ್ಮಲ್ಲಿ ಒಂದು ಕ್ರಮ ಉಂಟು. ಬೇಡಿದ್ದು ಕೈಗೂಡಿದರೆ ಪತ್ರಿಕೆಯಲ್ಲಿ ಹಾಕಿಸುತ್ತೇನೆ ಎಂದು ಇಗರ್ಜಿಯ ಮಾತೆಗೆ ಹರಕೆ ಹೇಳುವುದು. ನಲವತ್ತು ದಿನ ನಳಿಗೆ ಕಟ್ಟದಿದ್ದರೆ ಹಾಕಿಸುತ್ತೇನೆ ಎಂದು ನಾನೂ ಹೇಳಿಕೊಂಡಿದ್ದೆ. ಪತ್ರಿಕೆ ನೋಡಿಕೊಳ್ಳುವ ಬೊನಿಫಾಸ್ ಮಾಸ್ಟ್ರು, “ಬಾಯೀ, ‘ಉಪಕಾರಕ್ಕಾಗಿ ವಂದನೆ’ ಅಂತ ಎರಡು ಲೈನ್ ಸಾಕಲ್ಲ, ಎಲ್ಲರೂ ಅಷ್ಟೇ ಹಾಕುವುದು” ಎಂದರು. ನಾನು ಬಿಡಬೇಕಲ್ಲ! “ಎಂತ ಉಪಕಾರ ಅಂತ ಹೇಳದೆ ವಂದನೆ ಹಾಕಿದರೆ ಮಾತೆಗೆ ಹೇಗೆ ಗೊತ್ತಾಗುವುದು ಮಾರಾಯ್ರೆ, ಅವಳಿಗೆ ದಿನಕ್ಕೆ ಎಷ್ಟು ಜನರದ್ದು!” ಎಂದು ಹಲ್ಲಿನ ಓರೆ, ತೂತಿನ ಅಂತರ ಎಲ್ಲವನ್ನೂ ಬಿಡಿಸಿ ಬರೆದುಕೊಟ್ಟೆ. ಗ್ಲ್ಯಾಡಿಸಳ ಚಿತ್ರವನ್ನೂ ಕೊಟ್ಟೆ. ಅವಳನ್ನು ಕೇಳಿದ್ದೆ. ಡ್ಯೂಟಿಗೆ ಹೊರಟು ಮೆಟ್ಟಿಲಲ್ಲಿ ಇದ್ದಳು, ಬಸ್ಸು ತಿರುವಿನಲ್ಲಿ ಹಾರ್ನ್ ಹಾಕಿ ಆಗಿತ್ತು. “ಹಾಕು ಮಾಂಯ್, ನಿನ್ನ ಹರಕೆ ಅಲ್ವಾ” ಎಂದು ಓಡಿದಳು.

ಆ ಪತ್ರಿಕೆ ಅಚ್ಚಾಗುವುದು ಮುನ್ನೂರು ಪ್ರತಿ. ನಮ್ಮ ವಾಳ್ಯದಲ್ಲಿ, ಅಂದರೆ ಇಗರ್ಜಿಗೆ ಸೇರಿದ ನಮ್ಮ ಕೇರಿಯಲ್ಲಿ, ಅದನ್ನು ಪೂರ್ತಿ ಓದಿದವರನ್ನು ನಾನು ಈವರೆಗೆ ಕಂಡಿಲ್ಲ. ಬಂಗುಡೆ ಮೀನು ಕಾಯಿಸಿ ಎಣ್ಣೆ ಇಳಿಸಲು ಅದರಷ್ಟು ಒಳ್ಳೆಯ ಕಾಗದ ಇಲ್ಲ. ಆದರೆ ಏಳು ಸಮುದ್ರದಾಚೆಯ ನಳಿಗೆ ಕಂಪನಿಯೊಂದು ಓದಿತು! ಕೊಂಕಣಿಯ ಆ ಅರ್ಧ ಪುಟವನ್ನು ಇಂಗ್ಲಿಷಿಗೆ ತಿರುಗಿಸಿ, ಮೊಹರು ಹಾಕಿಸಿ, ನಿಮ್ಮ ಮುಂದೆ ಇಟ್ಟಿತು. ನಿಮ್ಮ ಆದೇಶದಲ್ಲಿ ನನ್ನ ಹರಕೆಯ ಹೆಸರು ‘ದಾಖಲೆ ಡಿ-ಒಂದು’. ಮಾತೆಗೆ ಬರೆದದ್ದು ಅವಳಿಗೆ ಮುಟ್ಟಿತೋ ಇಲ್ಲವೋ, ನಿಮಗೆ ಸರಿಯಾಗಿ ಮುಟ್ಟಿದೆ.

ಕಾನೂನು ನೀವು ಮಾಡಿದ್ದಲ್ಲ, ಅದನ್ನು ಬಲ್ಲೆ. ಗುಟ್ಟು ಇಟ್ಟವನಿಗೆ ಹಕ್ಕು, ಕೈ ಮುಗಿದು ಹೇಳಿದವಳಿಗೆ ತಿರಸ್ಕಾರ ಎಂಬುದು ನ್ಯಾಯವೇ ಇರಬಹುದು. ಆದರೆ ವಕೀಲರು ಹೇಳಿದ ಇನ್ನೊಂದು ಮಾತು ನನ್ನ ಗಂಟಲಲ್ಲಿ ಮುಳ್ಳಿನಂತೆ ಕೂತಿದೆ. “ಇನ್ನು ಇದು ಎಲ್ಲರ ಸೊತ್ತು ಅಮ್ಮ, ಲೋಕದಲ್ಲಿ ಯಾರು ಬೇಕಾದರೂ ಮಾಡಬಹುದು.” ಹಾಗಾದರೆ ಮಾಡಲಿ! ಯಾರು ಮಾಡುತ್ತಾರೆ? ಮಾಡುತ್ತೇವೆ ಎಂದು ಮುಂದೆ ಬಂದಿದ್ದ ಒಂದೇ ಒಂದು ಕಂಪನಿ, ಹಕ್ಕು ಇಲ್ಲದಿದ್ದರೆ ವರ್ಷಗಟ್ಟಲೆ ಪರೀಕ್ಷೆ ಮಾಡಿಸಿದ ಖರ್ಚು ಹುಟ್ಟುವುದಿಲ್ಲ ಎಂದು ಹಿಂದೆ ಸರಿಯಿತು. ಊರಿಗೆಲ್ಲ ಸೇರಿದ ಬಾವಿಯ ಕೆಸರನ್ನು ತೆಗೆದವರನ್ನು ನೀವು ನೋಡಿದ್ದೀರಾ? ಸಮುದ್ರದಾಚೆಯ ಆ ದೊಡ್ಡ ಕಂಪನಿಯಂತೂ ಮಾಡುವುದಿಲ್ಲ. ಕಟ್ಟುವ ನಳಿಗೆ ಐದು ಸಲ ಮಾರಾಟವಾಗುತ್ತದೆ, ಕಟ್ಟದ್ದು ಒಂದೇ ಸಲ.

ವಕೀಲರು ಒಂದು ದಾರಿ ತೋರಿಸಿದರು. ಗ್ಲ್ಯಾಡಿಸಳ ಒಪ್ಪಿಗೆ ಇಲ್ಲದೆ ನಾನೇ ಕದ್ದು ಹಾಕಿಸಿದೆ ಎಂದು ನಾವಿಬ್ಬರೂ ಸಹಿ ಹಾಕಿ ಪ್ರಮಾಣಪತ್ರ ಕೊಟ್ಟರೆ ಮೇಲ್ಮನವಿಯಲ್ಲಿ ಬಾಗಿಲು ತೆರೆಯಬಹುದಂತೆ. ನಾನು ಪೆನ್ನು ಹಿಡಿದಾಗಿತ್ತು. ಎಪ್ಪತ್ತಾರು ವರ್ಷದವಳಿಗೆ ಕಳ್ಳಿ ಎಂಬ ಹೆಸರು ಎಂತ ಭಾರ?

“ನಾನು ಸಹಿ ಹಾಕುವುದಿಲ್ಲ ಮಾಂಯ್,” ಎಂದಳು ಗ್ಲ್ಯಾಡಿಸ್.

“ಒಂದು ಸುಳ್ಳು. ಶನಿವಾರ ಪಾದ್ರಿಗೆ ಹೇಳಿ ಕಳೆದುಕೊಂಡರೆ ಆಯ್ತು!”

“ಮಕ್ಕಳ ತಲೆಯೊಳಗೆ ಇಡುವ ವಸ್ತು ಅದು. ಮೊದಲ ಕಾಗದದಲ್ಲೇ ಸುಳ್ಳು ಬರೆದವಳು ಪರೀಕ್ಷೆಯ ಕಾಗದದಲ್ಲಿ ಸತ್ಯ ಬರೀತಾಳೆ ಅಂತ ಯಾರು ನಂಬ್ತಾರೆ? ನಾನೇ ನಂಬುವುದಿಲ್ಲ.”

ನಾನು ಮೂರು ದಿನ ಅವಳೊಂದಿಗೆ ಮಾತು ಬಿಟ್ಟೆ. ನಾಲ್ಕನೇ ದಿನ ಈ ಪತ್ರ ಶುರು ಮಾಡಿದೆ. ಅವಳು ನಿಜವಾಗಿ ಒಪ್ಪಿದ್ದಳು ಎಂದು ಇಲ್ಲಿ ಬರೆದಾಗಿದೆ. ಇದು ಅಚ್ಚಾದರೆ ಆ ಬಾಗಿಲೂ ಮುಚ್ಚಿತು. ಎರಡನೇ ಸಲ ನಾನೇ ಅಚ್ಚು ಹಾಕಿಸಿ ಮುಚ್ಚಿದೆ ಎನ್ನಿ. ಈ ಸಲ ಅವಳನ್ನು ಕೂರಿಸಿ, ಓದಿ ಹೇಳಿ, ಕೇಳಿದ್ದೇನೆ.

ಕಳೆದ ವಾರ ಟಾನ್ಯಾ ಎರಡು ಬೆಳಿಗ್ಗೆ ವಾಂತಿ ಮಾಡಿದಳು. ನಳಿಗೆ ನಿಧಾನವಾಗಿದೆ, ಹೆಚ್ಚಾಗದಿದ್ದರೆ ಮುಂದಿನ ತಿಂಗಳ ಒಂದನೇ ತಾರೀಕಿಗೆ ಬದಲಿಸುವುದು ಎಂದಿದ್ದಾರೆ ಡಾಕ್ಟರು. ಇಂದೇ ನೀವು ಹಕ್ಕು ಕೊಟ್ಟರೂ ಈ ಆರನೆಯದಕ್ಕೆ ಬೂತಾಯಿ ನಳಿಗೆ ಬರುವುದಿಲ್ಲ, ಅಷ್ಟು ನನಗೆ ತಿಳಿಯುತ್ತದೆ. ನಾನು ಕೇಳುವುದು ಏಳನೆಯದಕ್ಕೆ. ಎಲ್ಲರದ್ದಾದ ಇದನ್ನು ಮಾಡುವವರು ಯಾರು? ಒಂದು ಹೆಸರು ಬರೆದು ಕಳುಹಿಸಿ. ಯಾರೂ ಇಲ್ಲವಾದರೆ ‘ಯಾರೂ ಇಲ್ಲ’ ಎಂದು ಕನ್ನಡದಲ್ಲಿ ಬರೆದು ಕೆಳಗೆ ಸಹಿ ಹಾಕಿ. ತಲೆ ಬೋಳಿಸುವಾಗ ಮಗು ಯಾಕೆ ಎಂದು ಕೇಳುತ್ತದೆ. ಉತ್ತರ ಹೇಳಿ ಹೇಳಿ ನನಗೆ ಸಾಕಾಗಿದೆ, ಈ ಸಲ ನಿಮ್ಮದನ್ನು ಓದಿ ಹೇಳುತ್ತೇನೆ. ಒಂದನೇ ತಾರೀಕಿನ ಮೊದಲು ಉತ್ತರ ಕಾಟಿಪಳ್ಳದ ನಮ್ಮ ಮನೆಗೆ ಮುಟ್ಟಬೇಕು. ಬರೆಯಿರಿ.

ಇಂತಿ,
ನಿಮ್ಮ ಕಡತದ ದಾಖಲೆ ಡಿ-ಒಂದು,
ಕಾರ್ಮಿನ್ ಬಾಯಿ