ಬಾಗಿಲು ತಟ್ಟಿದರೆ ಕಲ್ಲಾಗುವ ಮಕ್ಕಳು

ಕಾರ್ಮಿಕ ಕುಟುಂಬಗಳ ಶಿಶುಪಾಲನಾ ಸೌಲಭ್ಯ ನೋಡಿಕೊಳ್ಳುವ ಮೇಲಧಿಕಾರಿಗಳಿಗೆ,

ಮಾನ್ಯರೇ,

ನಮ್ಮ ಹೊಲಿಗೆ ಕಾರ್ಖಾನೆಯ ಮಕ್ಕಳ ಕೋಣೆಯನ್ನು ನೀವು ಮುಚ್ಚಿಸಿದ ದಿನದಿಂದ ಮೂವತ್ತೊಂದು ಮಕ್ಕಳು ಹಗಲೆಲ್ಲ ಹೊರಗಿನಿಂದ ಬೀಗ ಹಾಕಿದ ಮನೆಗಳಲ್ಲಿ ಕೂತಿದ್ದಾರೆ. ನಿಮಗೆ ಇದು ಗೊತ್ತಿಲ್ಲವೆಂದು ಈ ಪತ್ರ ಬರೆಯುತ್ತಿಲ್ಲ. ನಿಮಗೆ ಗೊತ್ತಿದೆ ಎನ್ನುವುದು ಉಳಿದವರಿಗೂ ಗೊತ್ತಾಗಲಿ ಎಂದು ಬರೆಯುತ್ತಿದ್ದೇನೆ.

ನಾನು ಓದಿದ್ದು ಹಳ್ಳಿಯ ಶಾಲೆಯಲ್ಲಿ, ಏಳನೆಯ ತರಗತಿಯವರೆಗೆ. ಕಾಗುಣಿತ ತಪ್ಪಿದ್ದರೆ ತಿದ್ದಿಕೊಳ್ಳಿ, ವಿಷಯ ತಪ್ಪಿಲ್ಲ. "ನೀವೇ ಬರೆಯಬಾರದೇನಮ್ಮಾ" ಎಂದು ನಮ್ಮ ಸಂಘದ ಕಾರ್ಯದರ್ಶಿಯನ್ನು ಕೇಳಿದೆ. ಕಟಿಂಗ್ ವಿಭಾಗದಾಕೆ, ನನಗಿಂತ ಚಿಕ್ಕವಳು. "ಅಕ್ಕಾ, ನಾನು ಬರೆದ್ರೆ ಅದು ಮನವಿ ಆಗುತ್ತೆ, ಕಡತಕ್ಕೆ ಸೇರುತ್ತೆ. ನೀನು ಬರಿ. ಏನಾಯ್ತೋ ಅಷ್ಟನ್ನೇ ಬರಿ" ಎಂದಳು. ಹಾಗಾಗಿ ಏನಾಯಿತೋ ಅಷ್ಟನ್ನೇ ಬರೆಯುತ್ತೇನೆ. ನನ್ನ ತಪ್ಪನ್ನೂ ಸೇರಿಸಿ ಬರೆಯುತ್ತೇನೆ. ದೇವರಿಗೆ ಅಂಜಿ ಬದುಕಿದವಳು ನಾನು, ಅರ್ಧ ಮುಚ್ಚಿಟ್ಟು ಅರ್ಧ ಹೇಳುವುದು ನನ್ನಿಂದಾಗದು.

ಹದಿನೇಳು ವರ್ಷ ಆ ಮಕ್ಕಳ ಕೋಣೆಯನ್ನು ನೋಡಿಕೊಂಡವಳು ನಾನೇ. ಅದನ್ನು ಯಾರೂ ಧರ್ಮಕ್ಕೆ ಕೊಟ್ಟಿರಲಿಲ್ಲ. ನಮ್ಮ ಸಂಘದ ಹೆಂಗಸರು ಹತ್ತೊಂಬತ್ತು ದಿನ ಗೇಟಿನ ಮುಂದೆ ಕೂತು ಪಡೆದದ್ದು. ಎರಡು ಕಿಟಕಿ, ಹನ್ನೊಂದು ತೊಟ್ಟಿಲು, ಒಂದು ದೊಡ್ಡ ಚಾಪೆ, ಕೈ ತೊಳೆಯಲು ಮಕ್ಕಳ ಎತ್ತರಕ್ಕೆ ಹಾಕಿಸಿದ ನಲ್ಲಿ. ಮೇಲಿನ ಮಹಡಿಯಲ್ಲಿ ತಾಯಂದಿರು ಮಷೀನು ತುಳಿಯುತ್ತಿದ್ದರೆ ಕೆಳಗೆ ನಮ್ಮ ಚಾವಣಿ ಸಣ್ಣಗೆ ನಡುಗುತ್ತಿತ್ತು. ಮಕ್ಕಳು ಅದನ್ನು ಕೇಳುತ್ತಲೇ ನಿದ್ದೆ ಹೋಗುತ್ತಿದ್ದವು. "ಅಮ್ಮ ಮೇಲಿದ್ದಾಳೆ" ಎನ್ನುವುದಕ್ಕೆ ಅವಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಅಲ್ಲಿ ನಾನೊಂದು ಆಟ ಕಲಿಸಿದ್ದೆ. ಕಾರ್ಖಾನೆಗೆ ದೊಡ್ಡವರು ಯಾರಾದರೂ ಬಂದರೆ ಮಕ್ಕಳ ಕೋಣೆಯನ್ನೂ ನೋಡಿಕೊಂಡು ಹೋಗುತ್ತಿದ್ದರು. ಆಗ ಗಲಾಟೆ ಇರಬಾರದು ಎಂದು ಮ್ಯಾನೇಜರ್ ಅಪ್ಪಣೆ. ಮೂರು ವರ್ಷದ ಕೂಸಿಗೆ ಅಪ್ಪಣೆ ಎಂದರೆ ಏನು ಅರ್ಥವಾದೀತು? ಅದಕ್ಕೇ ಆಟ ಮಾಡಿದೆ. ಬಾಗಿಲು ತಟ್ಟಿದ ಸದ್ದು ಕೇಳಿದ ಕೂಡಲೇ ಎಲ್ಲರೂ ಕಲ್ಲಾಗಬೇಕು. ಮಾತಿಲ್ಲ, ನಗುವಿಲ್ಲ, ಕೈಕಾಲು ಅಲ್ಲಾಡುವಂತಿಲ್ಲ. ನಾನು "ಕರಗಿ" ಎನ್ನುವವರೆಗೆ ಯಾರು ಕಲ್ಲಾಗಿಯೇ ಇರುತ್ತಾರೋ ಅವರು ಗೆದ್ದಂತೆ. ಎಷ್ಟು ಚೆನ್ನಾಗಿ ಕಲಿತರೆಂದರೆ, ಮೂಗಿನ ಮೇಲೆ ನೊಣ ಕೂತರೂ ಕದಲುತ್ತಿರಲಿಲ್ಲ.

ನಿಮಗೆ ನೆನಪಿರಬೇಕು, ಹೋದ ವರ್ಷ ನೀವೇ ಬಂದಿದ್ದಿರಿ. ನೀವೇ ಬಾಗಿಲು ತಟ್ಟಿದಿರಿ. ಮೂವತ್ತೆಂಟು ಮಕ್ಕಳು ಕೂತಲ್ಲೇ ಕಲ್ಲಾದವು. ನೀವು ಹುಬ್ಬೇರಿಸಿ, "ಏನಮ್ಮಾ, ಮಕ್ಕಳಿದ್ದಾರೋ ಗೊಂಬೆ ಇಟ್ಟಿದ್ದೀರೋ?" ಎಂದು ನಕ್ಕಿರಿ. ಪುಸ್ತಕದಲ್ಲಿ "ಮಕ್ಕಳಲ್ಲಿ ಉತ್ತಮ ಶಿಸ್ತು ಕಂಡುಬಂದಿದೆ" ಎಂದು ಬರೆದು ಸಹಿ ಹಾಕಿದಿರಿ. ನಾನು ನಾಲ್ಕು ದಿನ ನೆಲದ ಮೇಲೆ ನಡೆಯಲಿಲ್ಲ.

ಆಮೇಲೆ ನಿಮ್ಮ ಆದೇಶ ಬಂತು. ಸಂಘದ ಕುಟುಂಬಗಳಿಗೆ ಇನ್ನು ಮುಂದೆ ಶಿಶುಪಾಲನಾ ಭತ್ಯೆ ಸಿಗುತ್ತದೆ. ಒಂದೇ ಕುಟುಂಬಕ್ಕೆ ಎರಡು ಸೌಲಭ್ಯ ಸಲ್ಲದು. ಆದ್ದರಿಂದ ಮಕ್ಕಳ ಕೋಣೆ ಮುಚ್ಚತಕ್ಕದ್ದು. ಸರಿ, ದೊಡ್ಡವರು ಯೋಚಿಸಿಯೇ ಮಾಡಿರುತ್ತಾರೆ ಅಂದುಕೊಂಡೆವು. ಅರ್ಜಿ ಹಿಡಿದು ನಿಮ್ಮ ಕಚೇರಿಗೆ ಬಂದೆವು. ಭತ್ಯೆ ಬೇಕಾದರೆ ಮಗುವನ್ನು ನೋಂದಾಯಿತ ಪಾಲನಾ ಕೇಂದ್ರಕ್ಕೆ ಸೇರಿಸಿದ ಪ್ರಮಾಣಪತ್ರ ಬೇಕೆಂದರು. ಈ ಭಾಗದಲ್ಲಿ ನೋಂದಾಯಿತ ಕೇಂದ್ರ ಯಾವುದೆಂದು ಕೇಳಿದೆವು. ಗುಮಾಸ್ತರು ದಪ್ಪ ಪುಸ್ತಕ ತೆಗೆದು, ಬೆರಳಿಟ್ಟು ಹುಡುಕಿ, ಒಂದೇ ಒಂದು ಹೆಸರು ಓದಿದರು. ಅದು ನಮ್ಮದೇ ಕೋಣೆ, ನೀವು ಮುಚ್ಚಿಸಿದ್ದು. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ "ರದ್ದು" ಎಂದಿತ್ತು.

ಮಾನ್ಯರೇ, ನಾನು ಹೆಚ್ಚು ಓದಿದವಳಲ್ಲ. ಭತ್ಯೆ ಇದೆಯೆಂದು ಕೋಣೆ ಮುಚ್ಚುವುದು, ಕೋಣೆ ಇಲ್ಲವೆಂದು ಭತ್ಯೆ ನಿಲ್ಲಿಸುವುದು, ಇದಕ್ಕೆ ಓದಿದವರು ಏನನ್ನುತ್ತಾರೆ? ನಮ್ಮ ಕಡೆ ಇದಕ್ಕೊಂದು ಮಾತಿದೆ, ಪತ್ರದಲ್ಲಿ ಬರೆಯುವಂಥದ್ದಲ್ಲ.

ನನ್ನನ್ನು ಸಿದ್ಧ ಅಂಗಿಗಳ ಹೆಚ್ಚುವರಿ ದಾರ ಕತ್ತರಿಸುವ ಮೇಜಿಗೆ ಹಾಕಿದರು. ನನ್ನ ಮಗಳು ಎರಡನೇ ಮಹಡಿಯಲ್ಲಿ ಕಾಲರ್ ಹೊಲಿಯುತ್ತಾಳೆ. ಅಳಿಯ ಲಾರಿ ಓಡಿಸುತ್ತಾನೆ. ತಿಂಗಳಿಗೆ ಎರಡು ಸಲ ಮನೆಗೆ ಬಂದರೆ ಹೆಚ್ಚು. ನಾಲ್ಕು ವರ್ಷದ ಮೊಮ್ಮಗಳನ್ನು ಎಲ್ಲರೂ ಬಟಾಣಿ ಎನ್ನುತ್ತಾರೆ, ಹಾಗೆ ಉರುಟುರುಟಾಗಿದ್ದಾಳೆ. ಅವಳೂ ಆ ಮೂವತ್ತೊಂದರಲ್ಲಿ ಒಬ್ಬಳು. ನಿಮ್ಮ ಗುಮಾಸ್ತರು ಕೇಳಿಯೂ ಕೇಳಿದರು, "ಅಜ್ಜಿ ಅಂತ ಒಬ್ರಿದ್ದೀರಲ್ಲ, ಮನೇಲಿ ಕೂತ್ಕೊಳ್ಳೋಕಾಗಲ್ವಾ?" ಕೂರಬಹುದು ಸ್ವಾಮಿ. ಹೊಟ್ಟೆ ಕೂರುವುದಿಲ್ಲ. ಇನ್ನು ನಾನು ಕೂತರೂ ಮೂವತ್ತು ಮಕ್ಕಳು ಬೀಗದೊಳಗೇ ಉಳಿಯುತ್ತಾರೆ. ಅಕ್ಕಪಕ್ಕದವರಿಲ್ಲವೇ ಎಂದೂ ಕೇಳಿದರು. ನಮ್ಮ ಅಕ್ಕಪಕ್ಕದವರೆಲ್ಲ ನಮ್ಮ ಪಕ್ಕದಲ್ಲೇ ಮಷೀನು ತುಳಿಯುತ್ತಾರೆ.

ಈಗ ಆ ಬೀಗದ ಕೈಗಳ ವಿಷಯ ಹೇಳಬೇಕು. ಮುರಿದ ಸೂಜಿಯ ಚೂರು ಬಟ್ಟೆಯಲ್ಲಿ ಉಳಿಯಬಾರದೆಂದು ನಮ್ಮಲ್ಲಿ ಲೋಹದ ಯಾವ ವಸ್ತುವನ್ನೂ ಒಳಗೆ ಬಿಡುವುದಿಲ್ಲ. ಹೇರ್‌ಪಿನ್ನು ಕೂಡ ಹೊರಗೆ. ಒಳಗಿನ ಕತ್ತರಿಯನ್ನೂ ಮೇಜಿಗೆ ದಾರದಿಂದ ಕಟ್ಟಿರುತ್ತಾರೆ. ಹಾಗಾಗಿ ಮನೆಯ ಬೀಗದ ಕೈಯನ್ನು ಗೇಟಿನಲ್ಲಿ ಕೊಡಬೇಕು. ಕಾವಲಿನ ಅಣ್ಣ ಅದನ್ನು ಗೋಡೆಯ ಹಲಗೆಯ ಮೇಲಿನ ಮೊಳೆಗೆ ತಗುಲಿಸುತ್ತಾನೆ. ಗುರುತಿಗೆ ಒಬ್ಬೊಬ್ಬರದು ಒಂದೊಂದು ಬಣ್ಣದ ದಾರ. ಮೊದಲು ಆ ಹಲಗೆಯನ್ನು ನಾನು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಈಗ ಬೆಳಗ್ಗೆ ಎಂಟಕ್ಕೆ ಅದರ ಮುಂದೆ ಬಂದರೆ ಕಾಲು ನಿಲ್ಲುತ್ತವೆ. ನಿಂಬೆಹಳದಿ ದಾರದ್ದು ಬಟಾಣಿಯದು. ಗಾಳಿ ಬೀಸಿದರೆ ಎಲ್ಲವೂ ಒಟ್ಟಿಗೆ ಕಿಣಿಕಿಣಿ ಎನ್ನುತ್ತವೆ.

ತಾಯಂದಿರು ಮಕ್ಕಳಿಗೆ ಹೇಳಿದ್ದು ಒಂದೇ ಮಾತು: "ಯಾರಾದ್ರೂ ಬಾಗಿಲು ತಟ್ಟಿದ್ರೆ ಅಜ್ಜಿ ಹೇಳಿಕೊಟ್ಟ ಆಟ ಆಡು." ಒಳಗೆ ಮಗು ಒಂಟಿಯಾಗಿದೆ ಎಂದು ಹೊರಗಿನವರಿಗೆ ತಿಳಿಯಬಾರದಲ್ಲ. ನನ್ನ ಮಗಳೂ ಹೇಳಿದಳು. ನಾನೂ ಪಕ್ಕದಲ್ಲಿ ನಿಂತು ತಲೆಯಾಡಿಸಿದೆ.

ಹೋದ ತಿಂಗಳು ಒಂದು ಗುರುವಾರ, ಬೆಳಗ್ಗೆ ಹನ್ನೊಂದರ ಹೊತ್ತಿಗೆ, ನಮ್ಮ ಸಾಲುಮನೆಯ ತುದಿಯಲ್ಲಿರುವ ಕರೆಂಟಿನ ಮೀಟರ್ ಪೆಟ್ಟಿಗೆ ಹೊತ್ತಿಕೊಂಡಿತು. ಬೆಂಕಿ ದೊಡ್ಡದೇನಲ್ಲ, ಹೊಗೆ ದೊಡ್ಡದು; ವೈರು ಸುಟ್ಟ ಕರೀ ಹೊಗೆ. ಎದುರಿನ ಇಸ್ತ್ರಿ ಅಂಗಡಿಯವರು ಓಡಿ ಬಂದು, ಮೇನ್ ಸ್ವಿಚ್ ಇಳಿಸಿ, ಮರಳು ಎರಚಿ, ಒಂದೊಂದೇ ಬಾಗಿಲು ತಟ್ಟುತ್ತಾ ಹೋದರು. "ಯಾರಾದ್ರೂ ಇದ್ದೀರಾ ಒಳಗೆ?" ಎಲ್ಲ ಬಾಗಿಲಿಗೂ ಬೀಗ. ಯಾವ ಬಾಗಿಲಿನಿಂದಲೂ ಸದ್ದಿಲ್ಲ. ಒಳ್ಳೆಯ ಮನುಷ್ಯ, ಎರಡೆರಡು ಸಲ ತಟ್ಟಿದರಂತೆ. ಆಮೇಲೆ ನಮ್ಮ ಗೇಟಿಗೆ ಫೋನ್ ಮಾಡಿದರು.

ಕಾವಲಿನ ಅಣ್ಣ ನನ್ನ ಮೇಜಿನ ತನಕ ಬಂದ. "ಅಮ್ಮಾ, ಗಾಬರಿ ಆಗ್ಬೇಡಿ. ನಿಮ್ಮ ಸಾಲಲ್ಲಿ ಸ್ವಲ್ಪ ಹೊಗೆಯಂತೆ. ಜನ ಯಾರೂ ಇಲ್ವಂತೆ, ಎಲ್ಲಾ ಬಾಗಿಲೂ ತಟ್ಟಿ ನೋಡಿದಾರೆ. ಯಾರೂ ಓ ಅನ್ನಲಿಲ್ವಂತೆ."

ಯಾರೂ ಓ ಅನ್ನಲಿಲ್ಲ. ಆ ಸಾಲಿನಲ್ಲಿ ಏಳು ಮಕ್ಕಳಿದ್ದವು.

ಹೊರಗೆ ಹೋಗಲು ಚೀಟಿ ಬೇಕು. ಸೂಪರ್‌ವೈಸರ್ ಗಡಿಯಾರ ನೋಡಿ, "ಊಟದ ಬೆಲ್ ಆಗ್ಲಿ ತಡೀಮ್ಮ, ಯಾರೂ ಇಲ್ಲ ಅಂತ ಹೇಳಿದಾರಲ್ಲ" ಎಂದರು. ನಾನು ಏನಂದೆನೋ ನೆನಪಿಲ್ಲ. ಏನೋ ಅಂದಿರಬೇಕು, ಮರುದಿನ ನನಗೆ ನೋಟಿಸು ಬಂತು. ಗೇಟಿಗೆ ಓಡಿದೆ. ಅಷ್ಟರಲ್ಲಿ ಆ ಅಣ್ಣ ತಲೆಯ ಟೋಪಿ ತೆಗೆದು, ಹಲಗೆಯ ಮೇಲಿದ್ದ ಅಷ್ಟೂ ಬೀಗದ ಕೈಗಳನ್ನು ಅದಕ್ಕೆ ಬಾಚಿ ಹಾಕಿದ್ದ. "ಯಾವ್ದು ಯಾವ ಸಾಲಿಂದೋ ನಂಗೊತ್ತಿಲ್ಲ. ಎಲ್ಲಾ ತಗೊಂಡ್ ಓಡಿ ಅಮ್ಮಾ!" ಆಯಾ ಮನೆಯವರ ಸಹಿ ಇಲ್ಲದೆ ಬೀಗದ ಕೈ ಕೊಟ್ಟ ತಪ್ಪಿಗೆ ಅವನು ಈಗ ಕೆಲಸದಿಂದ ಹೊರಗಿದ್ದಾನೆ.

ಮೊದಲು ಯಾವ ಬಾಗಿಲು ತೆರೆದೆ ಎಂದು ಯಾರೂ ನನ್ನನ್ನು ಕೇಳಿಲ್ಲ. ನಾನೇ ಹೇಳುತ್ತೇನೆ. ಹೊಗೆ ಹೆಚ್ಚಿದ್ದದ್ದು ಏಳನೇ ಮನೆಯ ಹತ್ತಿರ, ಮೀಟರ್ ಪೆಟ್ಟಿಗೆ ಅದರ ಗೋಡೆಗೇ ಇದೆ. ನಾನು ತೆರೆದದ್ದು ಮೂರನೆಯದನ್ನು. ನನ್ನ ಕೈ ತಾನಾಗಿ ಹಳದಿ ದಾರ ಹುಡುಕಿತು.

ಒಳಗೆ ಏನೂ ಕಾಣುತ್ತಿರಲಿಲ್ಲ. "ಬಟಾಣಿ!" ಎಂದೆ. ಉತ್ತರವಿಲ್ಲ. "ಬಟಾಣೀ, ನಾನು ಕಣೇ, ಅಜ್ಜಿ!" ಇಲ್ಲ. ಮಂಚದ ಕೆಳಗೆ ಕೈ ಹಾಕಿ ತಡಕಾಡಿದೆ, ಒಂದು ಕಾಲು ಸಿಕ್ಕಿತು. ಎಳೆದುಕೊಂಡೆ. ಕಣ್ಣಿಂದ ನೀರು ಸುರಿಯುತ್ತಿತ್ತು, ಎದೆ ಗೊರಗೊರ ಎನ್ನುತ್ತಿತ್ತು, ತುಟಿ ಮಾತ್ರ ಬಿಗಿದು ಮುಚ್ಚಿದ್ದಳು. ಆಗ ನನಗೆ ಹೊಳೆಯಿತು. "ಕರಗು ಮಗಾ, ಕರಗು" ಎಂದೆ. ಬಾಯಿ ಬಿಟ್ಟಳು. ಕೆಮ್ಮಿ ಕೆಮ್ಮಿ ಉಸಿರು ಹಿಡಿದುಕೊಂಡು ಕೇಳಿದಳು:

"ಅಜ್ಜೀ, ನಾನು ಅಲ್ಲಾಡ್ಲೇ ಇಲ್ಲ. ಗೆದ್ನಾ?"

ಇಸ್ತ್ರಿ ಅಂಗಡಿಯವರು ಬಾಗಿಲ ಬಳಿ ನಿಂತು "ತಟ್ಟಿದೆನಲ್ಲಮ್ಮ, ಎರಡು ಸಲ ತಟ್ಟಿದೆನಲ್ಲಮ್ಮ" ಎಂದು ಅಳುತ್ತಿದ್ದರು. ಇಬ್ಬರೂ ಸೇರಿ ಉಳಿದ ಬಾಗಿಲು ತೆರೆದೆವು. ಒಂದು ಮಗು ಬೀರುವಿನ ಹಿಂದೆ, ಒಂದು ಚಾಪೆ ಸುತ್ತಿಕೊಂಡು, ಒಂದು ಒಲೆಕಟ್ಟೆಯ ಕೆಳಗೆ, ಅಕ್ಕತಂಗಿ ಇಬ್ಬರು ಒಬ್ಬರ ಬಾಯಿ ಒಬ್ಬರು ಮುಚ್ಚಿಕೊಂಡು. ಎಲ್ಲರೂ ಕಲ್ಲು. ಏಳನೇ ಮನೆಯನ್ನು ಕೊನೆಗೆ ತೆರೆದೆವು; ಹಾಳಾದ ಬೀಗ ಬಿಗಿಯಾಗಿತ್ತು. ಅಲ್ಲಿದ್ದದ್ದು ಪ್ಯಾಕಿಂಗ್ ವಿಭಾಗದವಳ ಎರಡೂವರೆ ವರ್ಷದ ಹೆಣ್ಣುಕೂಸು. ಬದುಕಿದೆ. ಆಸ್ಪತ್ರೆಯಿಂದಲೂ ಬಂದಿದೆ. ಆದರೆ ಅಂದಿನಿಂದ ಇಂದಿನವರೆಗೆ ಅದು ಒಂದು ಮಾತೂ ಆಡಿಲ್ಲ. ನಾನು ದಿನಾ ಹೋಗಿ ಕೆನ್ನೆ ಹಿಡಿದು "ಕರಗು ಕಂದಾ" ಎನ್ನುತ್ತೇನೆ. ನನ್ನನ್ನೇ ನೋಡುತ್ತದೆ. ಅದರ ತಾಯಿ ನನ್ನನ್ನು ಏನೂ ಅನ್ನುವುದಿಲ್ಲ. ಅಂದಿದ್ದರೆ ಒಳ್ಳೆಯದಿತ್ತು.

ನಿಮ್ಮ ಕಚೇರಿಯ ವರದಿಯ ಪ್ರತಿ ಸಂಘಕ್ಕೆ ಬಂದಿದೆ. "ಜೀವಹಾನಿ ಸಂಭವಿಸಿಲ್ಲ. ಹೆಚ್ಚಿನ ಕ್ರಮ ಅಗತ್ಯವಿಲ್ಲ." ಕ್ರಮ ಅಗತ್ಯವಾಗಬೇಕಾದರೆ ಇನ್ನೇನು ಸಂಭವಿಸಬೇಕು, ಮಾನ್ಯರೇ? ವರದಿಯಲ್ಲಿ ಜೀವಹಾನಿಯ ಜಾಗವನ್ನು ಖಾಲಿ ಬಿಟ್ಟಿದ್ದೀರಾ? ತುಂಬಿಸುವವರು ಯಾರೆಂದು ಕಾಯುತ್ತಿದ್ದೀರಾ? ಮೀಟರ್ ಪೆಟ್ಟಿಗೆಗೆ ಕಪ್ಪು ಟೇಪು ಸುತ್ತಿ ಅದೇ ಗೋಡೆಗೆ ಹೊಡೆದಿದ್ದಾರೆ. ಮರುದಿನ ಶುಕ್ರವಾರ ಬೆಳಗ್ಗೆ ಎಂಟಕ್ಕೆ, ಆಸ್ಪತ್ರೆಯಲ್ಲಿದ್ದ ಕೂಸಿನ ಮನೆಯದೊಂದನ್ನು ಬಿಟ್ಟು, ಅವೇ ಬೀಗದ ಕೈಗಳು ಅವೇ ಮೊಳೆಗಳಿಗೆ ಬಂದವು, ನಮ್ಮ ಮನೆಯದೂ ಬಂತು. ಬಾರದೆ ಎಲ್ಲಿಗೆ ಹೋಗಬೇಕು?

ಆಟವನ್ನು ಮರೆಸಲು ನಾನು ಪ್ರಯತ್ನ ಮಾಡಿದೆ. ಭಾನುವಾರ ಮಕ್ಕಳನ್ನೆಲ್ಲ ಕೂರಿಸಿಕೊಂಡು ಹೊಸ ಆಟ ಹೇಳಿಕೊಟ್ಟೆ: ಬಾಗಿಲು ತಟ್ಟಿದರೆ ಜೋರಾಗಿ ಕೂಗಬೇಕು, ಯಾರು ಜೋರಾಗಿ ಕೂಗುತ್ತಾರೋ ಅವರು ಗೆದ್ದಂತೆ. ಬಲು ಖುಷಿಯಿಂದ ಕೂಗಿದವು. ಬುಧವಾರ ಮಧ್ಯಾಹ್ನ ಯಾರೋ ನಾಲ್ಕನೇ ಮನೆಯ ಬಾಗಿಲು ತಟ್ಟಿದರು. ಒಳಗಿನಿಂದ ಹುಡುಗಿ ಕೂಗಿ ಹೇಳಿದಳಂತೆ, "ಅಮ್ಮ ಇಲ್ಲಾ, ನಾನೊಬ್ಳೇ ಇದೀನಿ!" ಹೊರಗಿದ್ದವನು "ಜಾಣೆ" ಎಂದನಂತೆ. ಸಂಜೆ ತಾಯಿ ಬಂದು ನೋಡಿದರೆ ಬೀಗದ ಸುತ್ತ ಹೊಸದಾಗಿ ಗೀಚಿದ ಗುರುತು. ಗುರುವಾರದಿಂದ ಎಲ್ಲ ತಾಯಂದಿರೂ ಮತ್ತೆ ಹಳೆಯ ಆಟವನ್ನೇ ಹೇಳಿಕೊಟ್ಟಿದ್ದಾರೆ.

ಹೇಳಿ ಮಾನ್ಯರೇ, ನಾನು ಯಾವುದನ್ನು ಕಲಿಸಲಿ? ಕೂಗುವುದನ್ನೋ, ಕಲ್ಲಾಗುವುದನ್ನೋ? ಆದೇಶ ಹೊರಡಿಸುವುದು ನಿಮಗೆ ರೂಢಿ, ಇದಕ್ಕೂ ಒಂದು ಹೊರಡಿಸಿಬಿಡಿ. ದಿನಾ ಬೆಳಗ್ಗೆ ದೇವರ ಮುಂದೆ ಕಣ್ಣು ಮುಚ್ಚಿ ಕೂತರೆ ಮೊದಲಿನ ಪ್ರಾರ್ಥನೆ ಯಾವುದೂ ಬಾಯಿಗೆ ಬರುವುದಿಲ್ಲ. ಒಂದನೇ ಮನೆ, ಎರಡನೇ ಮನೆ, ಮೂರನೇ ಮನೆ ಎಂದು ಹೇಳುತ್ತಾ ಹೋಗುತ್ತೇನೆ. ಅವನು ಕೇಳಿಸಿಕೊಳ್ಳುತ್ತಾನೆ. ಆದರೆ ರದ್ದು ಮಾಡಿದವನು ಅವನಲ್ಲವಲ್ಲ, ಸಹಿ ನಿಮ್ಮದು.

ನಮ್ಮ ಬೇಡಿಕೆ ಹೊಸದೇನೂ ಅಲ್ಲ. ಮಕ್ಕಳ ಕೋಣೆಯ ಬಾಗಿಲು ತೆಗೆಸಿ. ತೊಟ್ಟಿಲುಗಳು ಅಲ್ಲೇ ಇವೆ, ರಟ್ಟಿನ ಪೆಟ್ಟಿಗೆಗಳ ಕೆಳಗೆ. ನೋಂದಣಿ ಪುಸ್ತಕದಲ್ಲಿ ಆ ಕೆಂಪು ಶಾಯಿಯ ಮಾತನ್ನು ಹೊಡೆದುಹಾಕಿ. ಟೋಪಿಯಲ್ಲಿ ಬೀಗದ ಕೈ ಕೊಟ್ಟವನನ್ನು ಕೆಲಸಕ್ಕೆ ತೆಗೆದುಕೊಳ್ಳುವಂತೆ ಹೇಳಿ. ನನ್ನ ನೋಟಿಸು ಬೇಕಾದರೆ ಇರಲಿ.

ಅಷ್ಟು ಮಾಡುವ ಮುಂಚೆ ಸ್ಥಳ ಪರಿಶೀಲನೆ ಆಗಬೇಕು ಎನ್ನುತ್ತೀರಿ, ಗೊತ್ತು. ಬನ್ನಿ. ಕೆಲಸದ ದಿನ, ಬೆಳಗ್ಗೆ ಹನ್ನೊಂದಕ್ಕೆ ಬನ್ನಿ. ನಮ್ಮ ಸಾಲಿನ ಯಾವ ಬಾಗಿಲನ್ನಾದರೂ ತಟ್ಟಿ, ಹೋದ ವರ್ಷ ತಟ್ಟಿದ ಹಾಗೆಯೇ. ಕಿವಿಯಿಟ್ಟು ಕೇಳಿ. ಒಳಗಿನಿಂದ ಏನೂ ಕೇಳಿಸುವುದಿಲ್ಲ. ದಯವಿಟ್ಟು ಖಾಲಿ ಎಂದು ಬರೆದುಕೊಂಡು ಹೋಗಬೇಡಿ. ನಿಮ್ಮ ಕೈಯಿಂದ ಎರಡಡಿ ದೂರದಲ್ಲಿ ಒಂದು ಮಗು ಉಸಿರು ಬಿಗಿಹಿಡಿದು, ನೀವು ಹೋಗುವುದನ್ನೇ ಕಾಯುತ್ತಿರುತ್ತದೆ.

ನಿಮ್ಮ ವಿಶ್ವಾಸಿ ಎಂದು ಬರೆಯಬೇಕೆನ್ನುತ್ತಾರೆ. ವಿಶ್ವಾಸವನ್ನು ದೇವರಿಗೆ ಕೊಟ್ಟಾಗಿದೆ. ನಿಮಗೆ ಉಳಿದದ್ದು ಇಷ್ಟೇ.

ಇಂತಿ,
ಮಕ್ಕಳಿಗೆ ಕಲ್ಲಾಗುವುದನ್ನು ಕಲಿಸಿ ನಿಮ್ಮಿಂದ ಶಹಬ್ಬಾಸ್ ಪಡೆದವಳು,
ಈಗ ದಾರ ಕತ್ತರಿಸುವ ಮೇಜಿನವಳು